ಮೂರನೇ ಕೌಂಟರಿನ 'ಗೊತ್ತು ಬಿಡಿ'

ನಮ್ಮಪ್ಪ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ. ಮೂವತ್ತು ವರ್ಷದಿಂದ ಅದೇ ಮೂರನೇ ಕೌಂಟರು, ಅದೇ ಕಾಲು ಅಲ್ಲಾಡುವ ಮೇಜು. ಜನ ಕಿಂಡಿಗೆ ಮುಖ ಒಡ್ಡಿ "ಸಾರ್, ನಮ್ಮ ಬೀದೀಲಿ..." ಎನ್ನುವಷ್ಟರಲ್ಲಿ ಅಪ್ಪನೇ ಮಾತು ಮುಗಿಸುತ್ತಿದ್ದರು: "ನೀರಿಲ್ಲ. ಗೊತ್ತು ಬಿಡಿ. ಬರುತ್ತೆ ಹೋಗಿ." ಮನೆಯೊಳಗೆ ಪೈಪು ಒಡೆದು ಮೊಣಕಾಲುದ್ದ ನೀರು ನಿಂತಿದೆ, ದಯವಿಟ್ಟು ನಿಲ್ಲಿಸಿ ಎಂದು ಓಡಿಬಂದಿದ್ದ ಒಬ್ಬ ಬಡಪಾಯಿಗೂ "ಬರುತ್ತೆ ಹೋಗಿ" ಎಂದು ಆಶೀರ್ವಾದ ಮಾಡಿ ಕಳಿಸಿದ್ದರು. ಕಚೇರಿಯಲ್ಲಿ ಅವರ ಅಡ್ಡಹೆಸರೇ 'ಗೊತ್ತು ಬಿಡಿ'.

ಮನೆಯಲ್ಲಿ ಅಮ್ಮ ಇವರ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಹಾಗಂತ ಪಾತ್ರೆ ಹಾರಿದ್ದಿಲ್ಲ, ಬಾಗಿಲು ಬಡಿದದ್ದಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಇಸ್ತ್ರಿ ಮಾಡಿದ ಅಂಗಿ, ಎಲ್ಲ ಉಂಟು. ಮಾತು ಮಾತ್ರ ನನ್ನ ಕೈಯಲ್ಲಿ. "ನಿಮ್ಮಪ್ಪನಿಗೆ ಹೇಳು, ಸೋಪು ಮುಗಿದಿದೆ." ಅಪ್ಪ ಎರಡಡಿ ದೂರದಲ್ಲಿ ಕೂತು ಪೇಪರ್ ಓದುತ್ತಿರುತ್ತಾರೆ. "ಅಪ್ಪಾ, ಸೋಪು ಮುಗಿದಿದೆಯಂತೆ." "ನಿಮ್ಮಮ್ಮನಿಗೆ ಹೇಳು, ನಾಳೆ ತರ್ತೀನಿ." ಹದಿನಾಲ್ಕನೇ ವಯಸ್ಸಿಗೆ ಸಿಕ್ಕ ಈ ನೌಕರಿಗೆ ಸಂಬಳವಿಲ್ಲ, ರಜೆಯಂತೂ ಇಲ್ಲವೇ ಇಲ್ಲ.

ಆಗಿದ್ದಿಷ್ಟೇ. ಹನ್ನೊಂದು ವರ್ಷದ ಹಿಂದೆ ನಮ್ಮ ಶಾಲೆಯ ದೊಡ್ಡ ಮೇಡಂ ಮನೆಗೆ ಬಂದು, "ನಿಮ್ಮ ಮನೆಯವರು ಅಷ್ಟು ಓದ್ತಾರಂತೆ, ಶಾಲೆ ಲೈಬ್ರರಿ ನೋಡಿಕೊಳ್ತಾರಾ?" ಎಂದು ಕೇಳಿದರು. ಅಮ್ಮ ಒಳಗೆ ಕಾಫಿ ಸೋಸುತ್ತಿದ್ದಳು. ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಅಪ್ಪ, "ಅವಳಿಗೆ ಅದೆಲ್ಲ ಇಷ್ಟವಾಗಲ್ಲ, ನನಗೆ ಗೊತ್ತು ಬಿಡಿ" ಎಂದು ಮೇಡಮ್ಮನ್ನು ಗೇಟಿನವರೆಗೆ ಬಿಟ್ಟುಬಂದಿದ್ದರು. ಅಮ್ಮ ಆ ಕಾಫಿ ತಾನೇ ಕುಡಿದಳು. "ನನ್ನ ಮಾತೂ ನಿಮ್ಮಪ್ಪನೇ ಆಡ್ತಾರಲ್ಲ, ಇನ್ನು ನಾನ್ಯಾಕೆ ಬಾಯಿ ನೋಯಿಸ್ಕೊಳ್ಳಲಿ?" ಎಂದು ನನಗೆ ಹೇಳಿದಳು. ಅಷ್ಟೇ, ಮುಗಿಯಿತು.

ಈ ವರ್ಷ ಕಚೇರಿಗೆ ಜ್ಞಾನೋದಯವಾಯಿತು. ಪೈಪು ಬದಲಾಯಿಸುವುದಕ್ಕಿಂತ ಗುಮಾಸ್ತರ ಮನಸ್ಸು ಬದಲಾಯಿಸುವುದು ಸುಲಭ ಎಂದು ಯಾರೋ ದೊಡ್ಡವರಿಗೆ ಹೊಳೆದು, ದೇಶದೇಶ ಸುತ್ತಿಬಂದ ಒಬ್ಬ ಮನಶ್ಶಾಸ್ತ್ರದ ಮೇಡಮ್ಮನ್ನು ಕರೆಸಿದರು. ಮೂರು ದಿನ ತರಬೇತಿ, ಇನ್ನೂರು ಪುಟದ ಕೈಪಿಡಿ. ಮನುಷ್ಯನ ಉತ್ತರ ಅವನೊಳಗೇ ಇರುತ್ತದೆ, ಅವನು ಇದ್ದ ಹಾಗೇ ಒಪ್ಪಿಕೊಳ್ಳಿ, ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಇದು ಅದರ ಸಾರ. ಈ ಪಾಠ ಹುಟ್ಟಿದ್ದು ಎಲ್ಲೋ ಮೆತ್ತನೆ ಕುರ್ಚಿಗಳಲ್ಲಿ, ಇಬ್ಬರೇ ಎದುರುಬದುರು ಕೂತು. ನಮ್ಮಲ್ಲಿ ಒಂದು ಕೈ ತೂರುವಷ್ಟು ಕಿಂಡಿ, ಅದರಾಚೆ ಖಾಲಿ ಕೊಡದ ಸಿಟ್ಟು ಹೊತ್ತ ನಲವತ್ತು ಜನ.

ಮೇಡಂ ಪಾಪ ಅದನ್ನೂ ಹೇಳಿದ್ದರಂತೆ. ಕೆಲವು ಕಡೆ ಜನ ಒಬ್ಬರೆದುರೇ ಮನಸ್ಸು ಬಿಚ್ಚುತ್ತಾರೆ, ಕೆಲವು ಕಡೆ ಮನೆಮಂದಿಯೆಲ್ಲ ಕೂತರೆ ಮಾತ್ರ, ಇನ್ನು ಕೆಲವು ಕಡೆ ಕಣ್ಣಲ್ಲಿ ಕಣ್ಣಿಟ್ಟರೆ ಅವಮಾನ. ನಿಮ್ಮ ಜನಕ್ಕೆ ಯಾವುದು ಒಗ್ಗುತ್ತದೋ ನೀವೇ ಹುಡುಕಿಕೊಳ್ಳಿ ಎಂದು. ಆ ಹೊತ್ತಿಗೆ ಅಪ್ಪ "ಗೊತ್ತು ಬಿಡಿ" ಎಂದು ಟೀ ಕುಡಿಯಲು ಎದ್ದಿದ್ದರು. ಅವರು ಬರೆದುಕೊಂಡದ್ದು ಮೂರೇ ಸಾಲು: ಮುಂದೆ ಬಾಗಬೇಕು, ಕಣ್ಣು ನೋಡಬೇಕು, ಎದುರಿನವರ ಭಾವನೆಗೆ ಹೆಸರು ಕೊಟ್ಟು ವಾಪಸ್ ಹೇಳಬೇಕು.

ಶುರುವಾಯಿತು ನೋಡಿ ಅವಾಂತರ!

"ನಾಲ್ಕು ದಿನದಿಂದ ನೀರಿಲ್ಲ ಸ್ವಾಮಿ."

"ಅಂದ್ರೆ, ನಿಮಗೆ ಒಂಟಿತನ ಕಾಡ್ತಿದೆ."

"ಒಂಟಿತನ ಅಲ್ಲ ಸ್ವಾಮಿ, ಸ್ನಾನ ಇಲ್ಲ!"

ಒಬ್ಬ ಅಜ್ಜಿಯ ಕಣ್ಣನ್ನೇ ದಿಟ್ಟಿಸಿದಾಗ ಆಕೆ, "ಏನಪ್ಪಾ, ನನ್ನ ಮುಖ ಯಾಕೆ ಹಂಗೆ ನುಂಗೋ ಥರ ನೋಡ್ತೀಯ?" ಎಂದು ಕೊಡೆ ಎತ್ತಿದರಂತೆ. ಅಪ್ಪ ಮಾತ್ರ ಮನೆಗೆ ಬಂದು, "ಜನಕ್ಕೆ ತಮ್ಮ ಭಾವನೆ ತಮಗೇ ಗೊತ್ತಿರಲ್ಲ, ನಾವೇ ಹೇಳಿಕೊಡಬೇಕು" ಎಂದು ನನ್ನೆದುರು ಬೀಗಿದರು. ಅಮ್ಮ ಅಡುಗೆಮನೆಯಿಂದ, "ನಿಮ್ಮಪ್ಪನಿಗೆ ಹೇಳು, ಇದಕ್ಕೆ ತರಬೇತಿ ಬೇಕಿರಲಿಲ್ಲ, ಮೊದಲಿಂದಲೂ ಬರ್ತಿತ್ತು ಅಂತ" ಎಂದಳು. ನಾನು ಹೇಳಿದೆ. ಅದೇ ನನ್ನ ಕೊನೆಯ ಸೇವೆ.

ಏಕೆಂದರೆ ಮರುದಿನ ನನ್ನ ಗಂಟಲಿಗೆ ಆಪರೇಷನ್. ನಾನೀಗ ಓದಿದ ಶಾಲೆಯಲ್ಲೇ ಪಾಠ ಹೇಳುವವಳು. ಹಗಲು ಅರವತ್ತು ಮಕ್ಕಳು, ಸಂಜೆ ಇವರಿಬ್ಬರು, ಗಂಟಲೊಳಗೆ ಗಂಟು ಬೆಳೆಯದೆ ಇನ್ನೇನು? ಡಾಕ್ಟರು ಆರು ವಾರ ಪಿಟಕ್ಕೆನ್ನಬಾರದು ಎಂದರು. ಕೊರಳಿಗೊಂದು ಸ್ಲೇಟು ನೇತುಹಾಕಿಕೊಂಡು ಮನೆಗೆ ಬಂದೆ. "ಸೋಪು ಮುಗಿದಿದೆಯಂತೆ" ಎಂದು ಬರೆದು ತೋರಿಸಿದರೆ ಅಪ್ಪ ಕನ್ನಡಕ ಹುಡುಕುತ್ತಾರೆ, ಸಿಗುವುದಿಲ್ಲ.

ಸರಿಯಾಗಿ ಅದೇ ವಾರ ಶಾಲೆಯ ದೊಡ್ಡ ಮೇಡಂ ಅಮ್ಮನಿಗೆ ಚೀಟಿ ಕಳಿಸಿದರು. ಲೈಬ್ರರಿ ಕೆಲಸ ಮತ್ತೆ ಖಾಲಿಯಿದೆ, ಶನಿವಾರ ಮನೆಗೆ ಬರುತ್ತೇನೆ, ಉತ್ತರ ಬೇಕು. ಅಮ್ಮ ಚೀಟಿಯನ್ನು ನಾಲ್ಕು ಸಲ ಓದಿದಳು. ಶನಿವಾರ ಅಪ್ಪನಿಗೆ ರಜೆ. ಬಾಗಿಲು ತೆಗೆಯುವವರು ಅವರೇ, ಬಾಯಿ ತೆಗೆಯುವವರೂ ಅವರೇ. ಈ ಸಲ ಅಮ್ಮನ ಉತ್ತರ ನೀವು ಕೊಡಬೇಡಿ ಎಂದು ಅವರಿಗೆ ಯಾರು ಹೇಳಬೇಕು? ಸ್ಲೇಟಿನಲ್ಲಿ ಹಿಡಿಸುವ ಮಾತೇ ಅದು? ನನಗೆ ಅಳು ಬಂತು. ಅಳುವುದಕ್ಕೂ ಡಾಕ್ಟರ ಅಪ್ಪಣೆಯಿರಲಿಲ್ಲ.

ಗುರುವಾರ ಅಮ್ಮ ಸೀರೆ ಬದಲಾಯಿಸಿ, "ನಡಿ" ಎಂದಳು. ಹೋದದ್ದು ಎಲ್ಲಿಗೆ ಅಂತೀರಿ? ನೀರಿನ ಕಚೇರಿಗೆ. ಟೋಕನ್ ತೆಗೆದುಕೊಂಡಳು, ಇಪ್ಪತ್ತೇಳು. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತಳು. ಕೌಂಟರಿನ ಹಿಂದೆ ಆ ಮನಶ್ಶಾಸ್ತ್ರದ ಮೇಡಂ ಕೂತು ಅಪ್ಪನಿಗೆ ಅಂಕ ಹಾಕುತ್ತಿದ್ದರು. ಆ ವಾರ ತರಬೇತಿ ಪಡೆದವರ ಪರೀಕ್ಷೆ. ಇಪ್ಪತ್ತೇಳು ಎಂದು ಕೂಗಿ ತಲೆಯೆತ್ತಿದ ಅಪ್ಪನ ಮುಖ ನೋಡಬೇಕಿತ್ತು.

"ಹೇ... ಹೇಳಿ. ಏನು ದೂರು?"

"ನಮ್ಮ ಮನೇಲಿ ಒಬ್ಬರಿದ್ದಾರೆ," ಎಂದಳು ಅಮ್ಮ. "ನನ್ನ ಮಾತೆಲ್ಲ ಅವರೇ ಆಡಿಬಿಡ್ತಾರೆ."

ಹನ್ನೊಂದು ವರ್ಷದ ಮೇಲೆ ಅವರಿಗೆಂದೇ ಆಡಿದ ಮಾತು. ನನ್ನ ಬಳಪ ಕೈಜಾರಿ ನೆಲಕ್ಕೆ ಬಿತ್ತು. ಅಪ್ಪ ಪಾಠದ ಪ್ರಕಾರ ಮುಂದೆ ಬಾಗಿದರು.

"ಅಂದ್ರೆ, ನಿಮಗೆ ಕೋಪ ಬಂದಿದೆ."

"ಅಲ್ಲ."

"ಆ ಕೆಲಸ ತಪ್ಪಿಹೋಯ್ತಲ್ಲ ಅಂತ ದುಃಖ."

"ಅದೂ ಅಲ್ಲ."

ಹಿಂದಿದ್ದವನೊಬ್ಬ, "ಬೇಗ ಮುಗಿಸ್ರಿ, ನಮಗೂ ದೂರಿದೆ" ಎಂದ. ಅಪ್ಪ ಕೈಪಿಡಿಯ ಹಾಳೆ ತಿರುವಿದರು, ಮೇಡಂ ಕಡೆ ನೋಡಿದರು. ಆಕೆ ಪೆನ್ನು ಕೆಳಗಿಟ್ಟಿದ್ದರು. ನಾನು ಅಭ್ಯಾಸಬಲದಿಂದ ಮಧ್ಯೆ ತೂರಿ ಸನ್ನೆ ಮಾಡಹೋದೆ. "ನೀನು ಸುಮ್ನಿರು," ಎಂದಳು ಅಮ್ಮ. ಅಪ್ಪ ಕೈಪಿಡಿ ಮುಚ್ಚಿ, ಸಣ್ಣ ದನಿಯಲ್ಲಿ ಹೇಳಿದರು:

"ನಂಗೆ ಗೊತ್ತಿಲ್ಲ ಕಣೇ. ನೀನೇ ಹೇಳು."

"ಶನಿವಾರ ಹೇಳ್ತೀನಿ. ಅಲ್ಲಿವರೆಗೆ ಬಾಯಿ ಬಿಡಬೇಡಿ," ಎಂದು ಅಮ್ಮ ತಿರುಗಿ ಹೊರಟಳು.

ಶನಿವಾರ ದೊಡ್ಡ ಮೇಡಂ ಬಂದರು. ಅಪ್ಪ ಬಾಗಿಲು ತೆಗೆದು, "ಕೂತ್ಕೊಳ್ಳಿ" ಎಂದು ತಾವೇ ಅಡುಗೆಮನೆಗೆ ಹೋಗಿ ಕಾಫಿ ಸೋಸಿದರು. ಅರ್ಧ ಕಾಫಿ ಕಟ್ಟೆಯ ಮೇಲಿತ್ತು, ಇರಲಿ. ಲೋಟ ಹಿಡಿದು ಬಂದು ಗೋಡೆಗಾತು ನಿಂತರು. ಅಮ್ಮ ಮೇಡಂ ಎದುರು ನೆಟ್ಟಗೆ ಕೂತಿದ್ದಳು.

"ಬೇಡ ಮೇಡಂ," ಎಂದಳು. "ಪುಸ್ತಕ ಓದೋದು ನನಗಿಷ್ಟ. ಅದಕ್ಕೆ ನಂಬರ್ ಅಂಟಿಸೋದು, ಮಕ್ಕಳ ಹಿಂದೆ ಬಿದ್ದು ವಾಪಸ್ ಇಸ್ಕೊಳ್ಳೋದು ನನ್ನ ಕೈಲಾಗಲ್ಲ."

ಮೇಡಂ ಹೋದ ಮೇಲೆ ಅಪ್ಪ ತಡೆಯಲಾರದೆ ಕೇಳಿದರು, "ಮತ್ತೆ ಅವತ್ತು? ಅವತ್ತು ಏನು ಹೇಳ್ತಿದ್ದೆ?"

"ಅವತ್ತೂ ಬೇಡ ಅಂತಲೇ ಹೇಳ್ತಿದ್ದೆ."

ಅಪ್ಪನ ಬಾಯಿ ತೆರೆಯಿತು. ಮೂವತ್ತು ವರ್ಷದ ಆ ಎರಡು ಶಬ್ದ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಅವರು ಅದನ್ನು ನುಂಗಿಕೊಂಡರು. ಕಣ್ಣು ಒದ್ದೆಯಾಗಿತ್ತು.

ಅಮ್ಮ ಖಾಲಿ ಲೋಟ ಎತ್ತಿಕೊಂಡು ನನ್ನನ್ನು ದಾಟಿ ಅವರ ಮುಂದೆ ನಿಂತಳು.

"ರೀ, ಸೋಪು ಮುಗಿದಿದೆ."