ನಾಗವೇಣಿ ಬರೆದ ಕೈಗಾವಲು

ಮೂಕಂಡಪಲ್ಲಿಯ ನಾಗವೇಣಿಗೆ ಒಂದು ಕೆಟ್ಟ ಚಾಳಿ. ತಾನು ಬರೆದ ಪ್ರೋಗ್ರಾಮು ಒಮ್ಮೆ ಓಡಿತೆಂದರೆ ಮತ್ತೆ ಅದರತ್ತ ತಿರುಗಿ ನೋಡುವವಳಲ್ಲ. ತಗಡು ಒತ್ತುವ ಪ್ರೆಸ್ ಯಂತ್ರಗಳಿಗೆ ಕಂಟ್ರೋಲ್ ಪರದೆ ಮಾಡುವ ಸಣ್ಣ ಕಂಪನಿಯಲ್ಲಿ ಅವಳು ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದಳು. ಅಪ್ಪ ರಾಮಾಂಜಿನಪ್ಪ ಸೂಳಗಿರಿಯ ವರ್ಕ್‌ಶಾಪಿನಲ್ಲಿ ಪ್ರೆಸ್ ಆಪರೇಟರು. 2006ರಲ್ಲಿ ಮಗಳ ಪರದೆಗಳು ಅಲ್ಲಿಗೇ ಬಂದು ಕೂತಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊಸ ಮಾದರಿಗೆಂದು ಅದೇ ಪ್ರೋಗ್ರಾಮನ್ನು ತಿದ್ದುತ್ತಿದ್ದ ಒಂದು ಮಧ್ಯಾಹ್ನ ಅವಳಿಗೆ ತನ್ನದೇ ಒಂದು ತಪ್ಪು ಕಂಡಿತು. ಅವಳು ಬಳಸುತ್ತಿದ್ದ ಲೈಬ್ರರಿಯಲ್ಲಿ, ಯಂತ್ರದ ಅಚ್ಚಿನಂತಿರುವ ಕ್ಲಾಸಿಗೆ ಅದರ ಗುಣಗಳನ್ನೆಲ್ಲ ಮೊದಲೇ ನೋಂದಾಯಿಸಬೇಕು. ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ 'ಕೈಗಾವಲು' ಎಂಬ ಗುಣಕ್ಕೆ ಆರಂಭದ ಸ್ಥಿತಿ 'ಚಾಲೂ' ಎಂದೇ ಅವಳು ಬರೆದಿದ್ದಳು. ಆದರೆ ಅದು ಬರೀ ಘೋಷಣೆ. ಆ ಅಚ್ಚಿನಿಂದ ಒಂದೊಂದು ಯಂತ್ರದ ಆಬ್ಜೆಕ್ಟು ಹುಟ್ಟುವಾಗಲೇ ಆ ಸ್ಥಿತಿಯನ್ನು ಅದಕ್ಕೆ ತುಂಬು ಎಂಬ ಗುರುತನ್ನೂ ಹಾಕಬೇಕಿತ್ತು, ಮರೆತಿದ್ದಳು. ಹಾಗಾಗಿ ಪ್ರತಿ ಆಬ್ಜೆಕ್ಟೂ ಸೊನ್ನೆಯೊಂದಿಗೆ ಹುಟ್ಟುತ್ತಿತ್ತು, ಅಂದರೆ ಕಾವಲು ಬಂದ್. ಪರದೆ ಮಾತ್ರ ನೋಂದಾಯಿಸಿದ್ದನ್ನೇ ಓದಿ ಹಸಿರು ದೀಪ ತೋರಿಸುತ್ತಿತ್ತು. ಪರೀಕ್ಷೆ ಮಾಡುವಾಗಲೆಲ್ಲ ಅವಳೇ ಗುಂಡಿ ಒತ್ತಿ ಕಾವಲು ಚಾಲೂ ಮಾಡುತ್ತಿದ್ದುದರಿಂದ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ.

ವರ್ಕ್‌ಶಾಪಿಗೆ ಫೋನ್ ಮಾಡಿದಳು. ಆ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಸಿಕ್ಕಿದ ಬಸ್ ಹತ್ತಿದಳು. ಅಪ್ಪ ತಗಡನ್ನು ಇಕ್ಕಳದಲ್ಲೇ ಇಟ್ಟು ಇಕ್ಕಳದಲ್ಲೇ ತೆಗೆಯುವವನು, ಅದು ಅವನ ಹಳೆಯ ರೂಢಿ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಳಗೆ ಹೋಗಿ ನೋಡಿದರೆ ರಾಮಾಂಜಿನಪ್ಪನ ಬರಿಗೈ ಪ್ರೆಸ್ಸಿನ ಬಾಯಲ್ಲಿತ್ತು.

"ಅಪ್ಪಾ, ಕೈ ತೆಗಿ. ಮಿಷನ್ ಆಫ್ ಮಾಡು."

ಅವನು ಆಫ್ ಮಾಡಿ ನಕ್ಕ. "ಯಾಕಮ್ಮ, ಇಷ್ಟ್ ದೂರ ಬಂದ್ಬುಟ್ಟೆ?"

"ಇಕ್ಕಳ ಎಲ್ಲಿ?"

"ಅದ್ಯಾಕೆ ಇನ್ನ? ನೀನು ಬರ್ದಿರೋ ಕಾವಲೈತಲ್ಲ. ಪಕ್ಕದ್ ಪ್ರೆಸ್ಸಿನೋರ್ಗೂ ಅದ್ನೇ ಹೇಳಿವ್ನಿ. ಎಲ್ರೂ ಇಕ್ಕಳ ಬಿಟ್ಬುಟ್ಟವ್ರೆ."

ಗೋಡೆಯ ಮೊಳೆಗಳಲ್ಲಿ ಎಲ್ಲರ ಇಕ್ಕಳಗಳೂ ನೇತಾಡುತ್ತಿದ್ದವು. ನಾಗವೇಣಿ ಅವನ್ನು ನೋಡಿ ಅಪ್ಪನ ಕಡೆ ತಿರುಗಿದಳು.

"ಕಾವಲಿಲ್ಲ ಅಪ್ಪ. ಆ ಹಸಿರು ದೀಪ ಸುಳ್ಳು. ನಾನು ತಪ್ಪು ಮಾಡ್ಬುಟ್ಟಿದೀನಿ."

ಪಕ್ಕದ ಪ್ರೆಸ್ಸುಗಳು ಒಂದೊಂದಾಗಿ ನಿಂತವು. ರಾಮಾಂಜಿನಪ್ಪ ಬಯ್ಯಲಿಲ್ಲ. ತನ್ನ ಅಂಗೈಯನ್ನು ತಿರುವಿ ಮುರುವಿ ನೋಡಿಕೊಂಡ. ಆಮೇಲೆ ಗೋಡೆಯ ಬಳಿ ಹೋಗಿ ಇಕ್ಕಳ ತೆಗೆದು, ಅದರ ಧೂಳನ್ನು ಪಂಚೆಯ ತುದಿಯಲ್ಲಿ ಒರೆಸಿದ. ಮಗಳ ಮುಖ ನೋಡಲಿಲ್ಲ.

ಪ್ರೋಗ್ರಾಮು ಮರುದಿನವೇ ಸರಿಯಾಯಿತು. ರಾಮಾಂಜಿನಪ್ಪ ಮಾತ್ರ ಕೆಲಸ ಬಿಡುವವರೆಗೂ ಇಕ್ಕಳ ಕೆಳಗಿಡಲಿಲ್ಲ. ಅದನ್ನು ನೆನೆದಾಗಲೆಲ್ಲ ನಾಗವೇಣಿಗೆ ನೆಮ್ಮದಿಯಾಗುತ್ತಿತ್ತು, ತಾನು ಬರೆದ ಕಾವಲನ್ನು ಅಪ್ಪ ಮತ್ತೆ ನಂಬಲಿಲ್ಲವೆಂಬ ನೋವೂ ಆಗುತ್ತಿತ್ತು.