ಲೋಶನ್ ಬಾಟಲಿಯ ಹೆಪ್ಪು

1962ರಲ್ಲಿ ನಾನು ಕಡೂರಿನ ಒಂದು ಧರ್ಮಾಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಕೊಬ್ಬರಿ ವ್ಯಾಪಾರದಲ್ಲಿ ಮುಂದೆ ಬಂದ ಮನೆತನವೊಂದು ಕಟ್ಟಿಸಿದ ಸಣ್ಣ ಆಸ್ಪತ್ರೆ ಅದು. ಈಗ ಇಲ್ಲ, ಹೆಸರು ಹೇಳಿ ಪ್ರಯೋಜನವೂ ಇಲ್ಲ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದು ಮುಗಿಸಿ, ಬೆಂಗಳೂರಿನಲ್ಲಿ ಒಂದು ವರ್ಷ ತರಬೇತಿ ಪಡೆದು ಬಂದಿದ್ದೆ. ಮದುವೆಯಾಗುವವರೆಗೆ, ಅಂದರೆ ಸುಮಾರು ಮೂರು ವರ್ಷ, ಅಲ್ಲಿ ದುಡಿದೆ. ಆಮೇಲಿನ ಬದುಕೆಲ್ಲ ಅಡುಗೆಮನೆ, ಮಕ್ಕಳು, ಮೊಮ್ಮಕ್ಕಳು. ಆದರೆ ಅಲ್ಲಿ ಕಂಡ ಒಂದು ಬಾಟಲಿಯನ್ನು ಮಾತ್ರ ಇಂದಿಗೂ ಮರೆತಿಲ್ಲ.

ನನ್ನ ಲ್ಯಾಬ್ ಎಂದರೆ ಔಷಧದ ಕೋಣೆಗೆ ಅಂಟಿಕೊಂಡ ಒಂದು ಕಿರುಕೋಣೆ. ಒಂದು ಮೈಕ್ರೋಸ್ಕೋಪು, ಬ್ಯಾಕ್ಟೀರಿಯಾ ಬೆಳೆಸಲು ಬೆಚ್ಚಗಿಡುವ ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆ, ಒಂದು ಸೀಮೆಎಣ್ಣೆ ಸ್ಟೌ. ಕೀವಿನಲ್ಲಿರುವ ಬ್ಯಾಕ್ಟೀರಿಯಾ ಯಾವುದೆಂದು ಗುರುತಿಸಬೇಕಾದರೆ ಮೊದಲು ಅದನ್ನು ಬೆಳೆಸಬೇಕು. ಬೆಳೆಸಬೇಕಾದರೆ ಅದಕ್ಕೆ ಊಟ ಹಾಕಬೇಕು. ಮಾಂಸದ ಸಾರಿಗೆ ಅಗರ್ ಎಂಬ ಕಡಲಪಾಚಿಯ ಅಂಟನ್ನು ಸೇರಿಸಿ ಕಾಯಿಸಿ, ಗಾಜಿನ ತಟ್ಟೆಗೆ ಹೊಯ್ದರೆ ಹಾಲುಬಾಯಿಯಂತೆ ಗಟ್ಟಿಯಾಗುತ್ತದೆ. ಮಾಂಸದ ವಾಸನೆಯನ್ನೇ ಕಂಡರಿಯದ ಮನೆಯ ಹುಡುಗಿ ನಾನು, ಕುರಿಮಾಂಸ ತರಿಸಿ, ಮೂಗಿಗೆ ಸೆರಗು ಹಿಡಿದು ಸಾರು ಕಾಯಿಸುತ್ತಿದ್ದೆ. ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸ್ಸರ್ ಲಿಂಗಪ್ಪನವರು ಬಾಗಿಲಲ್ಲಿ ನಿಂತು ಚುಡಾಯಿಸುವರು: "ಏನ್ ಲ್ಯಾಬಮ್ಮೋರೇ, ಇವತ್ತು ನಿಮ್ ಕ್ರಿಮಿಗಳಿಗೆ ಬಾಡೂಟನಾ? ನಮಗೊಂದು ಎಲೆ ಹಾಕಲ್ವಾ?"

ಆ ವರ್ಷ ದೀಪಾವಳಿ ಕಳೆದ ಮೇಲೆ ರುದ್ರಪ್ಪ ಎಂಬುವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ದೇವನೂರಿನ ಕಡೆಯವನು, ಕಡೂರಿನ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ನೆಲದಲ್ಲಿ ನೆಟ್ಟ ಕಬ್ಬಿಣದ ಸಲಾಕೆಯ ಮೊನೆಗೆ ಕಾಯಿಯನ್ನು ಒತ್ತಿ, ಹೊರಳಿಸಿ, ಸಿಪ್ಪೆ ಬಿಡಿಸುವ ಕೆಲಸ. ಕಾಯಿ ಜಾರಿ ಸಲಾಕೆಯ ಮೊನೆ ಅವನ ಬಲಗೈಯನ್ನು ಮಣಿಕಟ್ಟಿನಿಂದ ಮೊಣಕೈಯವರೆಗೆ ಸೀಳಿತ್ತು. ಗಾಯ ದೊಡ್ಡದು, ಆದರೆ ಕೆಂಪಗೆ ಶುಭ್ರವಾಗಿತ್ತು. ಡಾಕ್ಟರು ಹೊಲಿಗೆ ಹಾಕಿ ಪೆನ್ಸಿಲಿನ್ ಶುರು ಮಾಡಿದರು. ಪಕ್ಕದಲ್ಲಿ ಅವನ ಹೆಂಡತಿ ಹಾಲಮ್ಮ ಒಗೆದು ಮಡಿಸಿದ ಪಂಚೆಯೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಆಕೆಯ ಉಗುರುಗಳು ಕತ್ತರಿಸಿ ಚೊಕ್ಕಟವಾಗಿದ್ದದ್ದು ನನ್ನ ಕಣ್ಣಿಗೆ ಬಿತ್ತು.

ಒಂದು ವಾರದೊಳಗೆ ಹೊಲಿಗೆಗಳ ಸಂದಿನಲ್ಲಿ ಕೀವು ಕಾಣಿಸಿತು. ಡಾಕ್ಟರು ಪೆನ್ಸಿಲಿನ್ ಹೆಚ್ಚಿಸಿ, ಜೊತೆಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟರು. ಕೀವು ಕಡಿಮೆಯಾಗಲಿಲ್ಲ, ಬಣ್ಣ ಬದಲಾಯಿತು. ಪಟ್ಟಿ ಬಿಚ್ಚಿದರೆ ಮೈಲುತುತ್ತ ಕರಗಿಸಿ ಚೆಲ್ಲಿದಂತೆ ನೀಲಿ ಬೆರೆತ ಹಸಿರು ಕಲೆ. ವಾಸನೆ ಇನ್ನೂ ವಿಚಿತ್ರ. ಕೊಳೆತ ನಾತ ಬಂದಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ, ಅದು ಸಿಹಿಯಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕ್ರಿಸ್‌ಮಸ್ ಕೇಕಿಗೆ ಒಣದ್ರಾಕ್ಷಿ ನೆನೆಸಿಟ್ಟಾಗ ಊಟದ ಕೋಣೆಯೆಲ್ಲ ಹರಡುತ್ತಿದ್ದ ಸುವಾಸನೆಯೇ ಅದು. ಮನುಷ್ಯನ ಕೊಳೆಯುತ್ತಿರುವ ಕೈಯಿಂದ ಕೇಕಿನ ಪರಿಮಳ ಬರುತ್ತಿತ್ತು. ಆ ದಿನ ನಾನು ಊಟ ಮಾಡಲಿಲ್ಲ.

ತಪ್ಪು ಯಾರದು ಎಂಬುದು ಆಸ್ಪತ್ರೆಯಲ್ಲಿ ಆಗಲೇ ತೀರ್ಮಾನವಾಗಿಬಿಟ್ಟಿತ್ತು. "ಎಲ್ಲ ಆಯಮ್ಮನ ಕೆಲಸ ಕಣ್ರೀ" ಎಂದರು ಮ್ಯಾನೇಜರು. "ಯಾವ್ದೋ ಸೊಪ್ಪು ಅರೆದು ಪಟ್ಟಿಯೊಳಗೆ ತುರುಕಿರ್ತಾಳೆ. ಸಗಣಿ ಬಳಿಯೋ ಜನ." ಹಾಲಮ್ಮನನ್ನು ವಾರ್ಡಿನಿಂದ ಹೊರಗೆ ಹಾಕಿದರು. ಆಕೆ ಮುಂದಿನ ಜಗಲಿಯ ಮೇಲೆ ಕಿಟಕಿಗೆ ಕಣ್ಣಿಟ್ಟು ಕುಳಿತಳು. ಗಂಡನಿಗೆ ಗಂಜಿಯನ್ನೂ ಆಯಾ ಕೈಯಲ್ಲೇ ಕಳಿಸಬೇಕಿತ್ತು. ಡಾಕ್ಟರು ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದರು: "ನಂಜು ಮೊಣಕೈ ದಾಟಿದರೆ ಶಿವಮೊಗ್ಗಕ್ಕೆ ಕಳಿಸಿ ಕೈ ತೆಗೆಸಬೇಕಾಗುತ್ತಮ್ಮ." ಬಲಗೈ ಹೋದ ಮೇಲೆ ಕಾಯಿ ಸುಲಿಯುವವನಿಗೆ ಉಳಿಯುವುದೇನು?

ನಾನು ಕೀವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಅಗರ್ ತಟ್ಟೆಗೆ ಸವರಿ, ಅದರ ಮೇಲೆ ಸೋಸುಕಾಗದದ ಪುಟ್ಟ ಬಿಲ್ಲೆಗಳನ್ನಿಟ್ಟೆ. ಒಂದೊಂದು ಬಿಲ್ಲೆಯನ್ನು ಒಂದೊಂದು ಆ್ಯಂಟಿಬಯಾಟಿಕ್‌ನಲ್ಲಿ ಅದ್ದಿರುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ಉಂಗುರ ಕಾಣುತ್ತದೆ. ಮರುದಿನ ತಟ್ಟೆ ತೆರೆದರೆ ಅದೇ ಸಿಹಿವಾಸನೆ ಮುಖಕ್ಕೆ ಬಡಿಯಿತು. ತಟ್ಟೆಯೆಲ್ಲ ಹಸಿರು. ಪೆನ್ಸಿಲಿನ್, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಎಲ್ಲ ಬಿಲ್ಲೆಗಳ ಅಂಚಿನವರೆಗೂ ಅದು ಹಾಯಾಗಿ ಹಬ್ಬಿತ್ತು. ಮೈಕ್ರೋಸ್ಕೋಪಿನಲ್ಲಿ ಸಣ್ಣ ಕಡ್ಡಿಗಳಂಥ ಜೀವಿಗಳು ಚುರುಕಾಗಿ ಈಜುತ್ತಿದ್ದವು. ಸ್ಯೂಡೊಮೊನಾಸ್ ಎಂದು ಅದರ ಹೆಸರು. ಔಷಧಕ್ಕೆ ಹೀಗೆ ಬಗ್ಗದಿರುವುದನ್ನು ರೆಸಿಸ್ಟೆನ್ಸ್ ಅನ್ನುತ್ತಾರೆ. ಡಾಕ್ಟರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ನಾವು ಕೊಟ್ಟ ಇಂಜೆಕ್ಷನ್ನು ಉಳಿದ ಕ್ರಿಮಿಗಳನ್ನ ಕೊಂದು ಇದಕ್ಕೆ ಮನೆ ಖಾಲಿ ಮಾಡಿಕೊಟ್ಟಿದೆ ನೋಡಮ್ಮ" ಎಂದರು. ಇದಕ್ಕೆ ನಾಟುವ ಔಷಧ ಪಾಲಿಮಿಕ್ಸಿನ್. ಬೆಂಗಳೂರಿಗೆ ಬರೆದರು, ದಾಸ್ತಾನಿಲ್ಲ ಎಂದು ಉತ್ತರ ಬಂತು.

ಅಷ್ಟರಲ್ಲಿ ಇನ್ನಿಬ್ಬರ ಪಟ್ಟಿಯೂ ಹಸಿರಾಯಿತು. ತರೀಕೆರೆಯಿಂದ ಬಂದ ರೈಲ್ವೆ ಕೂಲಿಯೊಬ್ಬನ ತೊಡೆಯ ಮೇಲಿನ ಸುಟ್ಟಗಾಯ ಒಂದು, ಅಜ್ಜಂಪುರದ ಅಜ್ಜಿಯೊಬ್ಬರ ಕಾಲಿನ ಹುಣ್ಣು ಇನ್ನೊಂದು. ಅಜ್ಜಿಗೆ ನಂಜು ರಕ್ತಕ್ಕೇರಿತು. ಅವರು ತೀರಿಕೊಂಡಾಗ ಮಗನಿಗೆ ಮ್ಯಾನೇಜರು "ವಯಸ್ಸಾಗಿತ್ತಲ್ಲಪ್ಪ" ಎಂದರು. ಮಗ ಕೈಮುಗಿದು ಹೆಣ ತೆಗೆದುಕೊಂಡು ಹೋದ.

ಅಂದು ಸಂಜೆ ನಾನು ಮನೆಗೆ ಹೊರಟಾಗ ಹಾಲಮ್ಮ ಜಗಲಿಯಿಂದ ಎದ್ದು ಬಂದಳು.

"ಅವ್ವ, ನೀವು ಓದಿದೋರು. ಒಂದು ಮಾತು ಕೇಳ್ತೀನಿ, ಬೈಬ್ಯಾಡಿ. ನಾವು ಬಂದಾಗ ಇವರ ಕೈ ಕೆಂಪಗಿತ್ತೋ, ಹಸಿರಾಗಿತ್ತೋ?"

"ಕೆಂಪಗಿತ್ತು."

"ಹೊರಗೆ ಹಾಕಿದ್ಮ್ಯಾಲೆ ನಾನು ಮುಟ್ಟೇ ಇಲ್ಲ. ಆದ್ರೂ ಹೆಚ್ತಾನೇ ಐತೆ. ಮತ್ತೆ ಹಸಿರು ಹಚ್ತಾ ಇರೋರು ಯಾರವ್ವ?"

ಆ ಪ್ರಶ್ನೆ ಮನೆಯವರೆಗೂ ನನ್ನ ಜೊತೆಯಲ್ಲೇ ಬಂತು. ಕಡೂರು, ತರೀಕೆರೆ, ಅಜ್ಜಂಪುರ. ಮೂರು ಊರಿನ ಮೂರು ಬಗೆಯ ಗಾಯ. ಮೂರಕ್ಕೂ ಸೇರಿದ್ದು ನಮ್ಮ ಆಸ್ಪತ್ರೆ ಒಂದೇ.

ಮರುದಿನ ಲಿಂಗಪ್ಪನವರು ಗಾಯ ತೊಳೆಯುವಾಗ ಪಕ್ಕದಲ್ಲೇ ನಿಂತೆ. ಒಳ್ಳೆಯ ಮನುಷ್ಯ, ರೋಗಿಗೆ ನೋವಾಗದಂತೆ ಪಟ್ಟಿ ಬಿಚ್ಚುವುದರಲ್ಲಿ ಅವರಂಥ ಕೈ ನಾನು ಮತ್ತೆ ಕಂಡಿಲ್ಲ. ಅವರ ಮೇಜಿನ ಮೇಲೆ ಸೆಟ್ರಿಮೈಡ್ ಲೋಶನ್ನಿನ ದೊಡ್ಡ ಗಾಜಿನ ಬಾಟಲಿ. ಸೆಟ್ರಿಮೈಡ್ ಎಂದರೆ ಕ್ರಿಮಿನಾಶಕ. ಗಾಯ ತೊಳೆಯುವುದು ಅದರಿಂದಲೇ. ಆಯುಧಪೂಜೆಯಲ್ಲಿ ಅದಕ್ಕೆ ಹಚ್ಚಿದ ವಿಭೂತಿ ಇನ್ನೂ ಅಳಿಸಿರಲಿಲ್ಲ. ಬಾಯಿಗೆ ಬೆಂಡಿನ ಬಿರಡೆ. ಲೋಶನ್ ಕಾಲುಭಾಗಕ್ಕೆ ಇಳಿದಿತ್ತು. ಲಿಂಗಪ್ಪನವರು ಬಿರಡೆ ಕಿತ್ತು ಕಿಟಕಿಯ ಮೇಲಿಟ್ಟು, ಡಬ್ಬದಿಂದ ಒಂದಿಷ್ಟು ಗಟ್ಟಿ ಔಷಧ ಹಾಕಿ, ನೀರು ಬೆರೆಸಿ ಬಾಟಲಿಯನ್ನು ಮತ್ತೆ ತುಂಬಿಸಿದರು.

"ಹಳೇದನ್ನ ಚೆಲ್ಲಲ್ವಾ ಲಿಂಗಪ್ಪನವರೇ?"

"ಚೆಲ್ಲೋದಾ! ಅಕ್ಕಿ ಡಬ್ಬದ ತಳ ಕಾಣೋಕೆ ಬಿಡ್ತಾರಾ ಯಾರಾದ್ರೂ ಮನೇಲಿ? ಇದೂ ಅಷ್ಟೇ ಕಣಮ್ಮ. ನಾನು ಕೆಲಸಕ್ಕೆ ಸೇರಿದಾಗಿಂದ ಈ ಬಾಟ್ಲಿ ಬರಿದಾಗಿಲ್ಲ."

ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಕಿಟಕಿಯ ಮೇಲಿದ್ದ ಬಿರಡೆಯನ್ನು ತಿರುಗಿಸಿ ನೋಡಿದೆ. ತಳದಲ್ಲಿ ಕಂದು ಬಣ್ಣದ ಲೋಳೆ. ಬೆರಳಿಗೆ ನೂಲಿನಂತೆ ಎಳೆ ಬಂತು. ಆಗ ನನಗೆ ಹೊಳೆದದ್ದು ಪಾಠದ ಪುಸ್ತಕದ ಸಾಲಲ್ಲ, ನಮ್ಮಮ್ಮನ ಮೊಸರಿನ ಗಡಿಗೆ. ಅಮ್ಮ ದಿನವೂ ತಳದಲ್ಲಿ ಒಂದು ಚಮಚ ಹಳೆಯ ಮೊಸರನ್ನು ಉಳಿಸಿ ಅದರ ಮೇಲೆ ಹೊಸ ಹಾಲು ಹೊಯ್ಯುತ್ತಿದ್ದರು. ಇಲ್ಲಿ ಲಿಂಗಪ್ಪನವರು ವರ್ಷಗಟ್ಟಲೆ ಹೆಪ್ಪು ಕಾಪಾಡಿಕೊಂಡು ಬಂದಿದ್ದರು.

ನಾಲ್ಕು ತಟ್ಟೆಗಳನ್ನು ಹಾಕಿದೆ. ಬಾಟಲಿಯ ಲೋಶನ್ ಒಂದರಲ್ಲಿ, ಬಿರಡೆಯ ಲೋಳೆ ಒಂದರಲ್ಲಿ, ಡಬ್ಬದ ಗಟ್ಟಿ ಔಷಧ ಒಂದರಲ್ಲಿ, ಕುದಿಸಿದ ಬಾಟಲಿಯಲ್ಲಿ ಕುದಿಸಿದ ನೀರಿನಿಂದ ನಾನೇ ಮಾಡಿದ ಹೊಸ ಲೋಶನ್ ಇನ್ನೊಂದರಲ್ಲಿ. ಮರುದಿನ ಡಾಕ್ಟರ ಎದುರಿಗೇ ಇನ್‌ಕ್ಯುಬೇಟರ್ ತೆರೆದೆ. ಡಬ್ಬದ ಔಷಧದ ತಟ್ಟೆ, ಹೊಸ ಲೋಶನ್ನಿನ ತಟ್ಟೆ ಎರಡೂ ಖಾಲಿ. ಬಾಟಲಿಯ ತಟ್ಟೆಯಲ್ಲಿ ಹಸಿರು ಚುಕ್ಕೆಗಳು. ಬಿರಡೆಯ ತಟ್ಟೆಯಲ್ಲಿ ಹಸಿರು ಹಾಸಿಗೆ, ಜೊತೆಗೆ ಆ ದ್ರಾಕ್ಷಿಯ ಪರಿಮಳ. ಬೆಂಡಿನ ತೂತುಗಳಲ್ಲಿ ಲೋಶನ್ ಶಕ್ತಿಗುಂದುತ್ತದೆ, ಕ್ರಿಮಿ ಅಲ್ಲೇ ಮನೆ ಮಾಡಿಕೊಳ್ಳುತ್ತದೆ ಎಂದು ಡಾಕ್ಟರು ವಿವರಿಸುತ್ತಿದ್ದರು. ನನಗೆ ಅರ್ಧ ಕೇಳಿಸಿತು. ನಾನು ದಿನವೂ ಮಧ್ಯಾಹ್ನ ಅದೇ ಲೋಶನ್ನಿನಲ್ಲಿ ಕೈ ತೊಳೆದು, ಅದೇ ಕೈಯಿಂದ ಬುತ್ತಿಯ ಮೊಸರನ್ನ ತಿನ್ನುತ್ತಿದ್ದೆ. ಹಿತ್ತಲಿಗೆ ಓಡಿ ವಾಂತಿ ಮಾಡಿದೆ.

ಲಿಂಗಪ್ಪನವರು ನಂಬಲಿಲ್ಲ. "ಕ್ರಿಮಿ ಕೊಲ್ಲೋ ನೀರಲ್ಲೇ ಕ್ರಿಮಿನಾ? ಏನ್ ಡಾಕ್ಟ್ರೇ, ನೀವೂ ಈ ಹುಡುಗಿ ಮಾತು ಕಟ್ಕೊಂಡು!" ಡಾಕ್ಟರು ಬೈಯಲಿಲ್ಲ. ತಟ್ಟೆಯನ್ನು ಅವರ ಮೂಗಿನ ಹತ್ತಿರ ಹಿಡಿದರು, ಅಷ್ಟೆ. ವರ್ಷಗಟ್ಟಲೆ ಹಸಿ ಗಾಯದ ಮುಂದೆ ಕುಳಿತ ಮೂಗು ಅದು, ಗುರುತು ಹಿಡಿಯಿತು. ಲಿಂಗಪ್ಪನವರು ಹೆಗಲ ಮೇಲಿನ ಟವಲಿನಿಂದ ಬಾಯಿ ಮುಚ್ಚಿಕೊಂಡು ಆಚೆ ಹೋದರು.

ಆ ಬಾಟಲಿಯನ್ನು ಬರಿದು ಮಾಡಿ ಕುದಿಸಿದೆವು. ತಿರುಗಿಸಿ ಮುಚ್ಚುವ ಮುಚ್ಚಳದ ಹೊಸ ಬಾಟಲಿಗಳು ಬಂದವು. ಡಾಕ್ಟರು ರುದ್ರಪ್ಪನ ಇಂಜೆಕ್ಷನ್ ನಿಲ್ಲಿಸಿದರು. ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳನ್ನು ನೋಡಿದ್ದ ತಮ್ಮ ಮೇಷ್ಟರೊಬ್ಬರು ಹಸಿರು ಕೀವಿಗೆ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ಬಳಸುತ್ತಿದ್ದುದನ್ನು ನೆನೆದು, ನನ್ನ ಕಪಾಟಿನಲ್ಲಿದ್ದ ಆಮ್ಲವನ್ನು ಬಹಳ ತೆಳುವಾಗಿ ಬೆರೆಸಿ ಪಟ್ಟಿ ನೆನೆಸತೊಡಗಿದರು. ಹುಳಿವಾಸನೆ ವಾರ್ಡನ್ನೆಲ್ಲ ತುಂಬಿತು. ಉರಿಗೆ ರುದ್ರಪ್ಪ ಕಿರುಚಿದ: "ಅಯ್ಯಯ್ಯಪ್ಪಾ, ನನ್ನ ಕೈನ ಉಪ್ಪಿನಕಾಯಿ ಹಾಕ್ತಾ ಇದೀರಾ?" ದಿನ ಕಳೆದಂತೆ ಅವನ ಪಟ್ಟಿಯ ಹಸಿರೂ, ಅದೇ ಔಷಧ ಕಟ್ಟಿಸಿಕೊಂಡ ರೈಲ್ವೆ ಕೂಲಿಯ ಪಟ್ಟಿಯ ಹಸಿರೂ ತಿಳಿಯಾಗುತ್ತ ಬಂತು. ಡಾಕ್ಟರು ಶಿವಮೊಗ್ಗದ ಮಾತೆತ್ತುವುದನ್ನು ಬಿಟ್ಟರು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಒಂದು ಬೆಳಿಗ್ಗೆ ಹೆರಿಗೆ ಕೋಣೆಯ ಮುಂದೆ ಹಾದುಹೋಗುವಾಗ ನೆನೆದ ದ್ರಾಕ್ಷಿಯ ವಾಸನೆ ಬಂತು. ಒಳಗೆ ಹೆಂಗಸೊಬ್ಬಳು ನೋವು ತಿನ್ನುತ್ತಿದ್ದಳು. ನರ್ಸಮ್ಮನ ಕೈಯಲ್ಲಿ ಹೊಸ ಬಾಟಲಿ, ಅದರ ಬಾಯಿಗೆ ಹಳೆಯ ಬಿರಡೆ. ನಾನು ಬಾಟಲಿಯನ್ನು ಕಿತ್ತುಕೊಂಡೆ. ಕಾನ್ವೆಂಟಿನಲ್ಲಿ ದನಿ ಎತ್ತದಂತೆ ಬೆಳೆದವಳು, ಅಂದು ಕೂಗಿದೆ. ಲಿಂಗಪ್ಪನವರು ಓಡಿ ಬಂದರು.

"ಅದರ ಮುಚ್ಚಳ ಒಡೆದೋಗಿತ್ತಮ್ಮ. ಇದನ್ನ ಸೋಪ್ ಹಾಕಿ ತಿಕ್ಕಿ ತೊಳೆದೇ ಹಾಕ್ದೆ. ಒಳ್ಳೆ ಬಿರಡೆ, ಎಸೆಯೋಕೆ ಮನಸು ಬರ್ಲಿಲ್ಲ."

ಹಿತ್ತಲಿನಲ್ಲಿ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಬಿರಡೆಯನ್ನು ಅದರೊಳಗೆ ಎಸೆದು, ಪೂರ್ತಿ ಬೂದಿಯಾಗುವವರೆಗೆ ಅಲ್ಲೇ ನಿಂತೆ. ಹಿಂದಿನಿಂದ ಮ್ಯಾನೇಜರ ದನಿ: "ಏನಮ್ಮ ಇದೆಲ್ಲ ರಂಪ? ಮೆಲ್ಲಗೆ ಮಾಡ್ಕೊಳಿ. ಊರಿಗೆಲ್ಲ ಗೊತ್ತಾದ್ರೆ ಯಾರು ಬರ್ತಾರೆ ಇಲ್ಲಿಗೆ?" ಲೋಳೆ ಕಂಡು ಆಗದಷ್ಟು ಹೇಸಿಗೆ ನನಗೆ ಆ ಮಾತು ಕೇಳಿ ಆಯಿತು.

ರುದ್ರಪ್ಪ ಮನೆಗೆ ಹೊರಟ ದಿನ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ, ಆದರೆ ಕೈ ಉಳಿದಿತ್ತು. ಮ್ಯಾನೇಜರು ಜಗಲಿಯಲ್ಲಿ ನಿಂತು ಹಾಲಮ್ಮನಿಗೆ ಬುದ್ಧಿ ಹೇಳಿದರು: "ಇನ್ಮೇಲಾದ್ರೂ ಸೊಪ್ಪು ಸದೆ ಕಟ್ಬೇಡಮ್ಮ. ಶುಚಿಯಾಗಿರೋದು ಕಲೀರಿ."

"ಅವರು ಏನೂ ಕಟ್ಟಿರಲಿಲ್ಲ ಸಾರ್" ಎಂದೆ. "ಹಸಿರು ಬಂದದ್ದು ನಮ್ಮ ಬಾಟಲಿಯಿಂದ."

ಮ್ಯಾನೇಜರ ಮುಖ ಕಪ್ಪಿಟ್ಟಿತು. ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. "ಹೌದಮ್ಮ, ತಪ್ಪು ನಮ್ಮದು" ಎಂದರು. ಹಾಲಮ್ಮ ಅಳಲಿಲ್ಲ, ಕೈಮುಗಿಯಲಿಲ್ಲ. ಗಂಡನ ತೋಳಿನ ಮೇಲೆ ಪಂಚೆ ಹೊದಿಸಿ, ನಮ್ಮತ್ತ ತಿರುಗಿ ಕೇಳಿದಳು:

"ಆ ಅಜ್ಜಂಪುರದ ಅಜ್ಜಿ ಮನೆಯೋರಿಗೆ ಹೇಳಿದ್ರಾ?"

ಯಾರೂ ಹೇಳಿರಲಿಲ್ಲ.

ಆ ಭಾನುವಾರ ಡಾಕ್ಟರು ಪ್ಯಾಸೆಂಜರ್ ರೈಲು ಹತ್ತಿ ಒಬ್ಬರೇ ಅಜ್ಜಂಪುರಕ್ಕೆ ಹೋಗಿ ಬಂದರು. ಸೋಮವಾರ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕುಳಿತರು.

"ಏನಂದರು ಸಾರ್?"

"ಎಲ್ಲ ಕೇಳಿಸಿಕೊಂಡು ಕಾಫಿ ಕೊಟ್ಟರಮ್ಮ" ಎಂದರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಕೊಳಕನ್ನು ಹುಡುಕುವಾಗ ಎದುರಿಗಿರುವವರ ಉಗುರು ನೋಡುವ ಮೊದಲು, ಶುಚಿ ಎಂದು ನಾವು ಪೂಜೆ ಮಾಡಿಟ್ಟುಕೊಂಡಿರುವುದರ ಮುಚ್ಚಳ ತೆಗೆದು ನೋಡಬೇಕು. ನಮ್ಮ ಮನೆಯಲ್ಲಿ ಮೊಸರಿನ ಗಡಿಗೆಯೊಂದನ್ನು ಬಿಟ್ಟರೆ ಬೇರೆ ಯಾವ ಪಾತ್ರೆಯನ್ನೂ ಅರ್ಧ ಇರುವಾಗ ತುಂಬಿಸಲು ಬಿಡುವುದಿಲ್ಲ. ಬರಿದು ಮಾಡಿ, ತೊಳೆದು, ಬಿಸಿಲಿಗಿಟ್ಟು, ಆಮೇಲೆ. ಸೊಸೆ ನಗುತ್ತಾಳೆ, ನಗಲಿ. ಪ್ರತಿ ಡಿಸೆಂಬರಿನಲ್ಲಿ ಪಕ್ಕದ ಮನೆಯವರು ಪ್ರೀತಿಯಿಂದ ಕೇಕು ಕಳಿಸುತ್ತಾರೆ. ಮಕ್ಕಳಿಗೆ ಕೊಟ್ಟು ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ.