ಮಾವನಿಗೆ ಉತ್ತರ ಕೊಟ್ಟ ಬಾಟ್

ಗೆಳೆಯರೇ, ತಾಂಡೂರಿನ ನಮ್ಮ ಹಾಸುಗಲ್ಲಿನ ಅಂಗಡಿಯ ವಾಟ್ಸಾಪ್‌ಗೆ ಇವತ್ತು ಬೆಳಿಗ್ಗೆ ಚಾಟ್‌ಬಾಟ್ ಕೂರಿಸಿದೆ. ಗಿರಾಕಿಗಳು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುತ್ತದಂತೆ.

ಮೊದಲ ಮೆಸೇಜ್ ಬಂದದ್ದು ಯಾಲಾಲಿನ ಮಾವನಿಂದ: "ಸಣ್ಣ ಮಗಳಿಗಿ ನೋಡಾಕ ನಾಳಿ ಗಂಡಿನವರು ಬರ್ಲತ್ತಾರ. ನೀವಿಬ್ರೂ ಬರ್ರಿ."

ಬಾಟ್ ತಕ್ಷಣ ಕೇಳಿತು: "ಧನ್ಯವಾದಗಳು. ಎಷ್ಟು ಚದರಡಿ ಬೇಕು?"

ಮಾವ ನನ್ನ ಹೆಂಡತಿಗೆ ಫೋನ್ ಮಾಡಿದರು: "ನಿನ್ನ ತಂಗಿಗಿ ಚದರಡಿ ಲೆಕ್ಕದಾಗ ಅಳೀತಾನೇನವ್ವ ನಿನ್ನ ಗಂಡ?"

"ಅದು ಮಷೀನ್ ಅದ" ಎಂದೆ. "ನಮ್ಮಪ್ಪಗ ಮಾತಾಡ್ಸಾಕ ಮಷೀನ್ ಇಟ್ಟೀರೇನ್ರಿ?" ಎಂದು ಹೆಂಡತಿ ಉರಿದುಬಿದ್ದಳು.

ಕ್ಷಮೆ ಕೇಳಿ ಅಂಗಡಿಯ ಅದೇ ನಂಬರಿನಿಂದ ಮಾವನಿಗೆ ಮೆಸೇಜ್ ಹಾಕಿದೆ. "ಆತು ಬಿಡ್ರಿ" ಎಂದು ಬರೆದರು. ಬಾಟ್ ಬಿಡಬೇಕಲ್ಲ! "ಆರ್ಡರ್ ಖಾತ್ರಿಪಡಿಸಲು 1 ಒತ್ತಿ."

ಮಾವ ಒತ್ತಿದ್ದು ಬ್ಲಾಕ್.

ನಾಳೆ ಬೈಸಿಕೊಳ್ಳಲು ಯಾಲಾಲಿಗೆ ನಾನೇ ಹೋಗಬೇಕು. ಅದಕ್ಕೂ ಒಂದು ಬಾಟ್ ಇದ್ದರೆ ದಯವಿಟ್ಟು ಹೇಳಿ.